ಮಸಿ ಮಾಡುವ ಬೂಸರು

ಬೀದರ ನಗರದ ಕುಶಲಕರ್ಮಿಗಳು ಬಿದ್ರಿ ಪಾತ್ರೆಗೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಸವರಿ, ಅದನ್ನು ಕಪ್ಪಾಗಿಸುವುದು ಲೋಕಪ್ರಸಿದ್ಧ. ಅಲ್ಲಿ ಲೋಹಕ್ಕೆ ಕಪ್ಪನ್ನು ಕೊಡುವುದು ಮಣ್ಣು. ಕಾಗದದ ಮೇಲೆ ಬರೆಯಲು, ಚಿತ್ರಿಸಲು ಬೇಕಾದ ಕಪ್ಪು ಮಸಿಯನ್ನಾದರೋ ಹೊಲದ ಕಸದಿಂದಲೇ ಪಡೆಯಬಹುದು. ಆ ಕಾರ್ಯದಲ್ಲಿ ನೆರವಾಗುವುದು, ನಾವು ಕಂಡೊಡನೆ ಎಸೆದುಬಿಡುವ ಬೂಸರು!

ಭಾಲ್ಕಿ, ಔರಾದ ಕಡೆಯ ಹೊಲದ ಬದುಗಳಲ್ಲಿ ಕರಿಜಾಲಿಯ ಮರಗಳುಂಟು. ಮಣಿಸರದಂತಿರುವ ಅವುಗಳ ಕಾಯಿಗಳಲ್ಲಿ ಆಡುಗಳು ತಿಂದು ಉಳಿದುವು ಕಸವಾಗುತ್ತವೆ. ಆ ಕಾಯಿಯ ಒಗರಿಗೆ ಕಾರಣ ಟ್ಯಾನಿನ್ ಎಂಬ ವಸ್ತು. ಈ ಬಗೆಯ ಟ್ಯಾನಿನ್ನಿನ ಅಣುವಿನಲ್ಲಿ ಸಕ್ಕರೆಗೆ ಗ್ಯಾಲಿಕ್ ಆಮ್ಲವು ಅಂಟಿಕೊಂಡಿರುತ್ತದೆ. ಆಸ್ಪರ್‌ಜಿಲಸ್ ನೈಜರ್ ಎಂಬ ಕಪ್ಪು ಬೂಸರು ಟ್ಯಾನೇಸ್ ಎಂಬ ಕಿಣ್ವವನ್ನು ಸ್ರವಿಸಿ ಇವೆರಡನ್ನೂ ಬೇರ್ಪಡಿಸುತ್ತದೆ. ಸಕ್ಕರೆ ಅದರ ಆಹಾರ. ಉಳಿದ ಆಮ್ಲ ನಮ್ಮ ಪಾಲು.

1786ರಲ್ಲಿ ಷೀಲೆ ಎಂಬ ರಸಾಯನಶಾಸ್ತ್ರಜ್ಞನು ಓಕ್ ಮರದ ಗಂಟುಗಳ ಕಷಾಯವನ್ನು ಬೂಸರು ಹಿಡಿಯಲು ಬಿಟ್ಟು ಈ ಆಮ್ಲವನ್ನು ಪಡೆದನು. ಇದು ಜೀವಂತ ಬೂಸರಿನ ಕೆಲಸವೆಂಬುದನ್ನು ಫ್ರಾನ್ಸಿನ ಸಸ್ಯವಿಜ್ಞಾನಿ ವಾನ್ ಟೀಗೆಮ್ 1867ರಲ್ಲಿ ತೋರಿಸಿದನು.

ಕಾಯಿಗಳನ್ನು ಜಜ್ಜಿ, ತೇವಮಾಡಿ, ಸಡಿಲವಾಗಿ ಮುಚ್ಚಿಟ್ಟರೆ ಹುದುಗುವಿಕೆ ಆರಂಭವಾಗುತ್ತದೆ. ನೀರಿನಲ್ಲಿ ಮುಳುಗಿಸಲಾಗದು, ಬೂಸರಿಗೆ ಗಾಳಿ ಬೇಕು. ಬಳಿಕ ಕುದಿಸಿ, ಸೋಸಿ, ಅನ್ನಭೇದಿಯನ್ನು ಬೆರೆಸಬೇಕು. ಮೊದಲು ಪೇಲವವಾಗಿ ಕಾಣುವ ಮಸಿಯು ಕಾಗದದ ಮೇಲೆ ಗಾಳಿಯ ಆಮ್ಲಜನಕ ತಗಲಿದಂತೆ ಕಪ್ಪಾಗುತ್ತದೆ. ಅಂಟಿಗೆ ಅದೇ ಜಾಲಿಯ ಗೋಂದು ಸಾಕು.

ಆದರೆ ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಹುದುಗುವಿಕೆಯನ್ನು ಸಕಾಲದಲ್ಲಿ ನಿಲ್ಲಿಸದಿದ್ದರೆ ಬೂಸರು ಗ್ಯಾಲಿಕ್ ಆಮ್ಲವನ್ನೂ ತಿಂದುಬಿಡುತ್ತದೆ. ಅನ್ನಭೇದಿ ಹೆಚ್ಚಾದರೆ ಮಸಿಯು ಕಾಲಕ್ರಮದಲ್ಲಿ ಕಾಗದವನ್ನೇ ಕೊರೆಯುತ್ತದೆ. ಯೂರೋಪಿನ ಎಷ್ಟೋ ಹಸ್ತಪ್ರತಿಗಳು ಹೀಗೆಯೇ ಶಿಥಿಲವಾಗಿವೆ. ಮೂರನೆಯದಾಗಿ, ಬೂಸರಿನ ಬೀಜಕಣಗಳು ಶ್ವಾಸಕೋಶಕ್ಕೆ ಅಪಾಯಕರ. ತಾನಾಗಿ ಬೆಳೆದ ಬೂಸರಿನಲ್ಲಿ ವಿಷಕಾರಕ ಜಾತಿಗಳೂ ಸೇರಿರಬಹುದು. ಆದುದರಿಂದ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮನೆಯಲ್ಲಿ ಮಾಡದೆ, ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಸಮ್ಮುಖದಲ್ಲಿಯೇ ಮಾಡತಕ್ಕದ್ದು.

ಒಂದು ಪಾಲು ಕಾಯಿಯನ್ನು ಹುದುಗಿಸದೆಯೇ ಕುದಿಸಿ ಇನ್ನೊಂದು ಮಸಿಯನ್ನು ಮಾಡಿರಿ. ಎರಡರಿಂದಲೂ ಒಂದೊಂದು ಗೆರೆಯೆಳೆದು, ದಿನವೂ ಹೋಲಿಸಿ ನೋಡಿರಿ. ಬೂಸರಿನ ದುಡಿಮೆ ಎಷ್ಟೆಂಬುದನ್ನು ಆ ಗೆರೆಗಳೇ ಹೇಳುವುವು.