ಖರ್ಜೂರದ ಫಸಲು ಮತ್ತು ಗಂಡು ಮರದ ಆಯ್ಕೆ

ಖರ್ಜೂರದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆ ಮರಗಳಲ್ಲಿ ಬಿಡುವುದರಿಂದ ತೋಟಗಳಲ್ಲಿ ಪರಾಗವನ್ನು ಕೈಯಿಂದಲೇ ಒದಗಿಸುವುದು ವಾಡಿಕೆಯಾಗಿದ್ದು, ಸುಮಾರು 50 ಹೆಣ್ಣು ಮರಗಳಿಗೆ ಒಳ್ಳೆಯ ಗಂಡು ಮರವೊಂದು ಸಾಕಾಗುತ್ತದೆ. ಬೆಳೆಗಾರರು ಬರ್ಹಿ, ಹಲಾವಿ, ಮೆಡ್ಜೂಲ್ ಎಂದು ಹೆಣ್ಣು ತಳಿಯನ್ನು ಅಳೆದು ತೂಗಿ ಆರಿಸುತ್ತಾರಾದರೂ, ಗಂಡಿನ ವಿಷಯದಲ್ಲಿ ಹೊಂಬಾಳೆ ಒಡೆದು ಪುಡಿ ಉದುರಿದರೆ ಸಾಕೆಂಬ ಧೋರಣೆಯೇ ಹೆಚ್ಚು.

ಈ ಧೋರಣೆ ಸರಿಯಲ್ಲವೆಂಬುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಯ್ ನಿಕ್ಸನ್ 1920ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ ಸ್ಪಷ್ಟವಾಯಿತು. ‘ಫರ್ದ್ 4’ ಎಂಬ ಗಂಡಿನ ಪರಾಗ ಬಿದ್ದ ಗೊನೆಗಳಲ್ಲಿ ಬೀಜ ಚಿಕ್ಕದಾಗಿ ಹಣ್ಣು ಬೇಗ ಮಾಗಿದರೆ, ‘ಮಾಸ್ಕ್’ ಎಂಬ ಗಂಡಿನ ಪರಾಗ ಪಡೆದವು ದಪ್ಪವಾಗಿ ತಡವಾಗಿ ಮಾಗಿದವು. ಬೀಜದಲ್ಲಿ ತಂದೆಯ ಪಾಲಿರುವುದು ಸಹಜವೇ. ಆದರೆ ತಿರುಳು ಪೂರ್ತಿಯಾಗಿ ತಾಯಿಮರದ ಅಂಗಾಂಶ. ಅದರ ಮೇಲೂ ಆಗುವ ಈ ಪ್ರಭಾವಕ್ಕೆ ವಾಲ್ಟರ್ ಸ್ವಿಂಗಲ್ 1928ರಲ್ಲಿ ‘ಮೆಟಾಜೀನಿಯಾ’ ಎಂದು ಹೆಸರಿಟ್ಟು, ಬಲಿಯುತ್ತಿರುವ ಬೀಜದೊಳಗೆ ಹುಟ್ಟುವ ಹಾರ್ಮೋನುಗಳು ತಿರುಳಿಗೆ ಹರಡುವುದೇ ಇದಕ್ಕೆ ಕಾರಣವಿರಬೇಕೆಂದು ತರ್ಕಿಸಿದರು.

ಗುಜರಾತಿನ ಕಛ್ ಪ್ರದೇಶದಲ್ಲಿ ಕಾಯಿ ಹಳದಿಗೋ ಕೆಂಪಿಗೋ ತಿರುಗಿ ಇನ್ನೂ ಗಟ್ಟಿಯಾಗಿರುವ ‘ದೋಕಾ’ ಹಂತದಲ್ಲೇ ಕೊಯ್ಲು ಮಾಡುವುದಕ್ಕೆ ಮುಂಗಾರಿನ ಭಯವೇ ಮುಖ್ಯ ಕಾರಣವಾಗಿರುವುದರಿಂದ, ಅಂಥಲ್ಲಿ ಕೆಲವೇ ದಿನ ಮೊದಲು ಮಾಗಿಸುವ ಪರಾಗಕ್ಕೆ ಗಾತ್ರ ಹೆಚ್ಚಿಸುವ ಪರಾಗಕ್ಕಿಂತ ಹೆಚ್ಚಿನ ಬೆಲೆಯಿದೆ.

ಇಳುವರಿಯ ಲೆಕ್ಕ ಬೇರೆ. ಪರಾಗವೇ ತಾಗದ ಹೂವಿನಲ್ಲಿ ಒಂದರ ಬದಲು ಮೂರು ಪುಟ್ಟ ಕಾಯಿಗಳು ಒತ್ತಾಗಿ ಕೂತು, ಬೀಜವಿಲ್ಲದೆ ಸೊರಗಿ ಮಾರಾಟಕ್ಕೆ ಬಾರದಂತಾಗುತ್ತವೆ. ಕಾಯಿ ಕಟ್ಟುವ ಪ್ರಮಾಣವು ಪರಾಗದ ಜೀವಂತಿಕೆಯನ್ನೂ, ಹೆಣ್ಣು ಹೊಂಬಾಳೆ ಒಡೆದ ಮೊದಲ ಮೂರು ನಾಲ್ಕು ದಿನಗಳಲ್ಲಿ ಕೆಲಸ ಮುಗಿಯಿತೇ ಎಂಬುದನ್ನೂ ಅವಲಂಬಿಸಿರುತ್ತದೆ. ಕಾಯಿ ಅತಿಯಾಗಿ ಕಟ್ಟಿದರೆ ಗಾತ್ರ ಕುಗ್ಗುವುದರಿಂದ, ಆ ಕುಗ್ಗುವಿಕೆಯನ್ನು ಗಂಡು ಮರದ ದೋಷವೆಂದು ತಪ್ಪಾಗಿ ತಿಳಿಯುವ ಸಂಭವವೂ ಉಂಟು.

ಬೀಜದಿಂದ ಹುಟ್ಟಿದ ಗಂಡು ಮರಗಳಲ್ಲಿ ಒಂದರ ಗುಣ ಇನ್ನೊಂದಕ್ಕಿರುವುದಿಲ್ಲವಾದ್ದರಿಂದ ಅವುಗಳ ಪರಾಗವನ್ನು ಬೆರೆಸದೆ, ಒಂದೇ ಹೆಣ್ಣು ಮರದಲ್ಲಿ ಜೊತೆಯಾಗಿ ಒಡೆದ ಎರಡು ಮೂರು ಹೊಂಬಾಳೆಗಳಿಗೆ ಬೇರೆ ಬೇರೆ ಗಂಡಿನ ಹೂಕಡ್ಡಿಗಳನ್ನು ಸಿಕ್ಕಿಸಿ, ಗಾಳಿಯ ಪರಾಗ ತಾಗದಂತೆ ಕಾಗದದ ಚೀಲ ಕಟ್ಟಿ, ಚೀಟಿ ತೂಗಿಸಿ, ಗೊನೆಗಳಲ್ಲಿ ಕಾಯಿಗಳ ಸಂಖ್ಯೆಯನ್ನು ಸಮಗೊಳಿಸಿ ಹೋಲಿಸುವುದು ಉತ್ತಮ. ಕರ್ನಾಟಕದ ಹಳ್ಳದಂಚಿನ ಈಚಲು ಖರ್ಜೂರದ ಹತ್ತಿರದ ಬಂಧುವಾಗಿದ್ದು, ಅದರ ಪರಾಗದಿಂದಲೂ ಕಾಯಿ ಕಟ್ಟುತ್ತದೆ. ಸುಲಭವಾಗಿ ಸಿಗುತ್ತದೆಂದು ಅದನ್ನು ಇಡೀ ತೋಟಕ್ಕೆ ಬಳಸುವ ಮೊದಲು ಅದಕ್ಕೂ ಇದೇ ಪರೀಕ್ಷೆ ಆಗಬೇಕು. ಗೆದ್ದ ಗಂಡು ಮರ ಬುಡದಲ್ಲಿ ಕಂದು ಬಿಟ್ಟಿದ್ದರೆ, ಅದನ್ನು ಬೇರ್ಪಡಿಸಿ ನೆಟ್ಟಾಗ ಅದೇ ಗುಣದ ಮತ್ತೊಂದು ಗಂಡು ಮರ ದೊರೆಯುತ್ತದೆ.