ಮಾತ್ರೆ ನೆನಪಿಸಲು ಮೊಬೈಲ್ ಸಾಕೇ?

ಪ್ರಶ್ನೆ: ಗಂಗೊಳ್ಳಿ ಬಂದರಿನಿಂದ ಬೋಟಿಗೆ ಹೋಗುತ್ತೇನೆ, ವಯಸ್ಸು 38. ಎಚ್‌ಐವಿಗೆ ದಿನಾ ರಾತ್ರಿ ಒಂದು ಟಿಎಲ್‌ಡಿ ಮಾತ್ರೆ. ಕಡಲಿಗೆ ಹೋದರೆ ವಾರ, ಹತ್ತು ದಿನ ಬರುವುದಿಲ್ಲ. ಬಲೆ ಎಳೆಯುವ ಗಡಿಬಿಡಿಯಲ್ಲಿ ಕೆಲವು ರಾತ್ರಿ ಮಾತ್ರೆ ಮರೆತೇಹೋಗುತ್ತದೆ. ಮೊಬೈಲಿಗೆ ಮೆಸೇಜ್ ಬರುವಂತೆ ಮಾಡಿಕೊಳ್ಳಬಹುದೇ? ದಡದಲ್ಲಿದ್ದಾಗ ಫೋನು ಮಕ್ಕಳ ಕೈಯಲ್ಲಿರುತ್ತದೆ, ಅದೇ ಹೆದರಿಕೆ.
— ಹೆಸರು ಬೇಡ, ಗಂಗೊಳ್ಳಿ

ಉತ್ತರ: ನಿಮ್ಮ ಹೆದರಿಕೆ ಸಹಜವೇ. ಮೊದಲು ಕಡಲಿನ ಮಾತು. ಆಳ ಸಮುದ್ರದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಮೆಸೇಜ್ ಬಂದು ಮುಟ್ಟುವುದು ನೀವು ದಡಕ್ಕೆ ಬಂದ ಮೇಲೆ. ಫೋನಿನ ಅಲಾರಂಗೆ ನೆಟ್‌ವರ್ಕ್ ಬೇಡ. ಬೋಟಿನಲ್ಲಿ ರಾತ್ರಿ ಊಟ ಬಡಿಸುವ ಹೊತ್ತಿಗೆ ಅದನ್ನು ಇಟ್ಟುಕೊಳ್ಳಿ. ಹೆಸರು ‘ಊಟ’ ಎಂದಿದ್ದರೆ ಸಾಕು, ಯಾರ ಕಣ್ಣಿಗೆ ಬಿದ್ದರೂ ತೊಂದರೆಯಿಲ್ಲ.

ಡಬ್ಬಿ ಅಲ್ಲಾಡಿದರೆ ಸದ್ದಾಗುತ್ತದೆಂದು ಹಲವರು ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಕಿಸೆಯಲ್ಲಿಡುತ್ತಾರೆ. ಕಡಲ ಗಾಳಿಗೆ ಅವು ತೇವ ಹಿಡಿಯುತ್ತವೆ. ಡಬ್ಬಿಯಲ್ಲೇ ಇಡಿ, ಒಳಗೆ ಒಂದಿಷ್ಟು ಹತ್ತಿ ತುರುಕಿದರೆ ಸದ್ದು ನಿಲ್ಲುತ್ತದೆ. ತೇವ ಹೀರುವ ಪುಟ್ಟ ಪೊಟ್ಟಣವನ್ನು ಬಿಸಾಡಬೇಡಿ. ಬೋಟು ತಡವಾಗಬಹುದು, ಹೆಚ್ಚಿಗೆ ಕೆಲವು ದಿನದ ಮಾತ್ರೆಯೂ ಜೊತೆಗಿರಲಿ.

ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಮಾತ್ರೆಗೆ ನಾಲ್ಕು ಗಂಟೆಗಿಂತ ಕಡಿಮೆ ಉಳಿದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ. ಒಂದು ರಾತ್ರಿ ತಪ್ಪಿತೆಂದು ಗಾಬರಿಯಾಗಬೇಕಿಲ್ಲ. ಪದೇಪದೇ ತಪ್ಪಿದರೆ ಮಾತ್ರ ವೈರಸ್ ಮತ್ತೆ ಹೆಚ್ಚುತ್ತದೆ, ಔಷಧಕ್ಕೆ ಬಗ್ಗದ ತಳಿ ಹುಟ್ಟುವ ಅಪಾಯವೂ ಇದೆ.

ಇನ್ನು ಮೆಸೇಜ್. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರೂ ಸೇರಿ ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ 631 ಮಂದಿಯ ಮೇಲೆ ಇದನ್ನೇ ಪರೀಕ್ಷಿಸಿದರು. ವಾರಕ್ಕೊಮ್ಮೆ ಯಂತ್ರದಿಂದ ಬರುವ ಕರೆ, ಜೊತೆಗೆ ರೋಗದ ಸುಳಿವೇ ಇಲ್ಲದ ಒಂದು ಚಿತ್ರದ ಮೆಸೇಜ್. ಎರಡು ವರ್ಷದ ಬಳಿಕ ನೋಡಿದರೆ ಚಿಕಿತ್ಸೆ ಸೋಲುವುದು ಅದರಿಂದ ಕಡಿಮೆಯಾಗಿರಲಿಲ್ಲ (ಫಲಿತಾಂಶ ಪ್ರಕಟವಾದದ್ದು 2014ರಲ್ಲಿ). ಅದಕ್ಕೂ ಮೊದಲು, 2010ರಲ್ಲಿ ಪ್ರಕಟವಾದ ಕೆನ್ಯಾದ ಅಧ್ಯಯನದಲ್ಲಿ ಮೆಸೇಜಿನಿಂದ ಪ್ರಯೋಜನ ಕಂಡಿತ್ತು. ಅಲ್ಲಿ ವಾರಕ್ಕೊಮ್ಮೆ ‘ಹೇಗಿದ್ದೀರಿ’ ಎಂದು ಕೇಳುತ್ತಿದ್ದರು. ಎರಡು ದಿನದೊಳಗೆ ಉತ್ತರ ಬಾರದಿದ್ದರೆ, ಇಲ್ಲವೇ ತೊಂದರೆಯಿದೆ ಎಂದರೆ, ದಾದಿ ಫೋನ್ ಮಾಡಿ ವಿಚಾರಿಸುತ್ತಿದ್ದರು. ದೇಶ ಬೇರೆ. ಆದರೂ ವ್ಯತ್ಯಾಸಕ್ಕೆ ಆ ದಾದಿಯೇ ಮುಖ್ಯ ಕಾರಣವೆಂಬುದು ನನ್ನ ಅನಿಸಿಕೆ. ಹಾಗಾಗಿ ನಿಮ್ಮ ಎಆರ್‌ಟಿ ಕೇಂದ್ರದ ಕೌನ್ಸೆಲರ್‌ಗೆ ಹೇಳಿಡಿ: ಯಾವ ನಂಬರಿಗೆ, ಯಾವ ಹೊತ್ತಿಗೆ ಕರೆ ಮಾಡಬಹುದು, ಮನೆಯವರು ಫೋನ್ ತೆಗೆದರೆ ಏನೆನ್ನಬೇಕು. ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಸೋಂಕಿನ ವಿಷಯವನ್ನು ಅವರು ಇತರರಿಗೆ ಹೇಳುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ ಅದನ್ನು ನಿಷೇಧಿಸುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಟ್ಟಿರುತ್ತದಲ್ಲ, ಆಗ ವೈರಲ್ ಲೋಡ್ ಪರೀಕ್ಷೆ ಬಾಕಿಯಿದ್ದರೆ ಮಾಡಿಸಿಕೊಳ್ಳಿ. ರಾತ್ರಿ ಮಾತ್ರೆ ಎಷ್ಟು ತಪ್ಪಿದೆ ಎಂಬುದನ್ನು ಕೌನ್ಸೆಲರ್ ಹತ್ತಿರ ಮುಚ್ಚಿಡಬೇಡಿ. ಬಯ್ಯುತ್ತಾರೆಂಬ ಅಂಜಿಕೆಯಿಂದ ‘ಒಂದೂ ತಪ್ಪಿಲ್ಲ’ ಎನ್ನುವವರಿಗೆ ಸಹಾಯ ಮಾಡುವುದು ಬಲು ಕಷ್ಟ.

ಪ್ರಶ್ನೆ: ನಾನೂ ಟಿಎಲ್‌ಡಿ ತೆಗೆದುಕೊಳ್ಳುವವಳು. ಈಗ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ಎಲ್ಲಕ್ಕೂ ಒಂದೇ ಅಲಾರಂ ಇಟ್ಟರೆ ಆಗುತ್ತದೆಯೇ?
— ಬ್ರಹ್ಮಾವರದ ಓದುಗರು

ಉತ್ತರ: ಊಟದ ಜೊತೆ ನುಂಗುವುದಾದರೆ ಆಗುತ್ತದೆ. ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ಬೇಡ; ಕ್ಯಾಲ್ಸಿಯಂ, ಕಬ್ಬಿಣ ಎರಡೂ ಟಿಎಲ್‌ಡಿಯಲ್ಲಿರುವ ಡೋಲುಟೆಗ್ರಾವಿರ್ ಮೈಗೆ ಸೇರದಂತೆ ತಡೆಯುತ್ತವೆ. ಊಟ ಬಿಟ್ಟ ದಿನ ಟಿಎಲ್‌ಡಿಯನ್ನು ಅವಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಿ. ಎದೆಯುರಿಗೆ ಕುಡಿಯುವ ಆಂಟಾಸಿಡ್ ಮಾತ್ರ ಊಟವಿದ್ದರೂ ಜೊತೆಗೆ ಬೇಡ, ಅದಕ್ಕೆ ಯಾವಾಗಲೂ ಇದೇ ಅಂತರ.

ಪ್ರಶ್ನೆ: ಮಗ ಮುಂಬೈನ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಮಾತ್ರೆಗೆಂದೇ ಊರಿಗೆ ಬರಬೇಕೇ?
— ಬೈಂದೂರಿನ ತಾಯಿ

ಉತ್ತರ: ಬೇಡ ಅಮ್ಮ. ಇಲ್ಲಿನ ಕೇಂದ್ರದಿಂದ ವರ್ಗಾವಣೆ ಪತ್ರ ಪಡೆದರೆ ಅಲ್ಲಿನ ಎಆರ್‌ಟಿ ಕೇಂದ್ರದಲ್ಲೇ ಉಚಿತವಾಗಿ ಕೊಡುತ್ತಾರೆ. ಹತ್ತಿರದ ಕೇಂದ್ರ ಯಾವುದೆಂದು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಲು ಹೇಳಿ.