ಹಟ್ಟಿ ಇರುವ ಮನೆಯಲ್ಲಿ ಮೂರು ತಲೆಮಾರು

ಓದಿಕೊಳ್ಳಿ: ಲೂಕ 13:10-17

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಅನೇಕ ಮನೆಗಳಲ್ಲಿ ದಿನ ಆರಂಭವಾಗುವುದು ಹಟ್ಟಿಯಲ್ಲಿ. ಕತ್ತಲಿರುವಾಗಲೇ ಸೊಸೆ ಎದ್ದು ಸೆಗಣಿ ತೆಗೆದು, ಕೆಚ್ಚಲು ತೊಳೆದು ಹಾಲು ಕರೆಯುತ್ತಾಳೆ. ಮಗ ಹುಲ್ಲು ಕೊಯ್ದು ತರುತ್ತಾನೆ. ಅಜ್ಜ ಕ್ಯಾನು ಹಿಡಿದು ಸೊಸೈಟಿಗೆ ಹೋಗುತ್ತಾರೆ. ಅಜ್ಜಿ ಮಕ್ಕಳನ್ನು ಎಬ್ಬಿಸಿ ಶಾಲೆಗೆ ಹೊರಡಿಸುತ್ತಾರೆ. ಭಾನುವಾರವೂ ಇದಕ್ಕೆ ರಜೆಯಿಲ್ಲ. ಹಾಲು ಕೊಟ್ಟ ಮೇಲೆಯೇ ಬಲಿಪೂಜೆಗೆ ಓಟ.

ಯೇಸುಸ್ವಾಮಿಗೆ ಈ ಬದುಕು ತಿಳಿದಿತ್ತು. ಹದಿನೆಂಟು ವರ್ಷ ಬೆನ್ನು ಬಾಗಿಯೇ ಬದುಕಿದ್ದ ಹೆಂಗಸೊಬ್ಬಳನ್ನು ಸಬ್ಬತ್ ದಿನ ಗುಣಪಡಿಸಿದ್ದಕ್ಕೆ ಪ್ರಾರ್ಥನಾ ಮಂದಿರದ ಮುಖ್ಯಸ್ಥ ಸಿಟ್ಟಾದಾಗ, ಅವರು ಹಟ್ಟಿಯ ಮಾತನ್ನೇ ಎತ್ತಿದರು. ಸಬ್ಬತ್ ದಿನವೂ ಎತ್ತು ಕತ್ತೆಗಳ ಹಗ್ಗ ಬಿಚ್ಚಿ ನೀರು ಕುಡಿಸುವ ನೀವು, ಈ ಮಗಳ ಕಟ್ಟು ಬಿಚ್ಚುವುದನ್ನು ತಪ್ಪೆನ್ನುವುದೇಕೆ ಎಂದು ಕೇಳಿದರು. ದನದ ಬಾಯಾರಿಕೆ ನಮಗೆ ಬೇಗ ತಿಳಿಯುತ್ತದೆ. ಮನೆಯೊಳಗೆ ಬೆನ್ನು ಬಾಗಿದವರು ಯಾರೆಂದು ತಿಳಿಯುತ್ತದೆಯೇ?

ಹಿರಿಯರ ಮನಸ್ಸನ್ನು ಮೊದಲು ಅರ್ಥಮಾಡಿಕೊಳ್ಳೋಣ. ಅವರಲ್ಲಿ ಅನೇಕರು ಗೇಣಿ ಒಕ್ಕಲುಗಳಾಗಿದ್ದು, 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ ಕೊಟ್ಟು ಭೂಮಿಗೆ ಒಡೆಯರಾದವರು. ತೋಟದ ಗೊಬ್ಬರಕ್ಕೆಂದು ಕಟ್ಟಿದ್ದ ಹಸು, 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಬಂದ ಮೇಲೆ ಹಾಲಿನ ಆದಾಯವನ್ನೂ ತಂದಿತು. ಕಷ್ಟಪಟ್ಟು ಪಡೆದದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಸಹಜ. ಆದರೆ ಹಗ್ಗ ಕಿರಿಯರ ಕೈಯಲ್ಲಿ, ಲೆಕ್ಕ ಮಾತ್ರ ಹಿರಿಯರ ಕೈಯಲ್ಲಿ ಎಂದಾದರೆ, ದುಡಿಯುವವರ ಮನಸ್ಸು ಸೋಲುತ್ತದೆ. ಗಲ್ಫಿಗೆ ಹೊರಡುವ ಮಾತು ಬರುವುದು ಸಂಬಳದ ಆಸೆಯಿಂದ ಮಾತ್ರವಲ್ಲ.

ಆದುದರಿಂದ ಮೂರು ವಿಷಯಗಳನ್ನು ಗಮನಿಸಿ.

1. ಹಾಲಿನ ಲೆಕ್ಕ ಎಲ್ಲರ ಮುಂದಿರಲಿ. ಸೊಸೈಟಿಯಿಂದ ಬಂದದ್ದೆಷ್ಟು, ಹಿಂಡಿಗೆ, ಔಷಧಿಗೆ, ಸಾಲಕ್ಕೆ ಹೋದದ್ದೆಷ್ಟು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಹಾಲು ಕರೆಯುವ ಸೊಸೆಗೆ ಅದರಲ್ಲಿ ಒಂದು ಪಾಲು ಅವಳ ಖಾತೆಗೇ ಹೋಗಲಿ. ಸೋಪು ಕೊಳ್ಳಲೂ ಅವಳು ಮಾವನ ಮುಂದೆ ನಿಲ್ಲುವಂತಾಗಬಾರದು.

2. ಆಸ್ತಿಯ ಮಾತನ್ನು ಮುಂದೂಡಬೇಡಿ. ತಂದೆ ವಿಲ್ ಬರೆಯದೆ ತೀರಿಕೊಂಡರೆ, ನಮಗೆ ಅನ್ವಯವಾಗುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮೂರರಲ್ಲಿ ಒಂದು ಪಾಲು ವಿಧವೆಗೆ. ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳೆಲ್ಲರಿಗೂ ಸಮನಾಗಿ. ಹೆಣ್ಣುಮಕ್ಕಳ ಹಕ್ಕನ್ನು ಮರೆಯಬಾರದು. ಊರಲ್ಲೇ ನಿಂತು ಹಟ್ಟಿ, ತೋಟ, ತಂದೆತಾಯಿಯರನ್ನು ನೋಡಿಕೊಂಡವನ ದುಡಿಮೆಯನ್ನೂ ಮರೆಯಬಾರದು. ಬಾಯಿಮಾತಿನ ಭರವಸೆ ಅಣ್ಣತಮ್ಮಂದಿರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಬಹುದು. ತಂದೆ ಬದುಕಿರುವಾಗಲೇ ಎಲ್ಲ ಮಕ್ಕಳನ್ನು ಕೂರಿಸಿ ಮಾತಾಡಿ, ವಕೀಲರನ್ನು ಕೇಳಿ ಬರೆದಿಡಲಿ.

3. ಮಕ್ಕಳಿಗೆ ಹಟ್ಟಿ ಪಾಠಶಾಲೆಯಾಗಲಿ, ಶಿಕ್ಷೆಯಾಗದಿರಲಿ. ಸಣ್ಣವರು ಅಜ್ಜನೊಡನೆ ಕರುವಿಗೆ ಹುಲ್ಲು ಹಾಕಲಿ. ಹುಟ್ಟಿದ ಕರುವಿಗೆ ಮೊದಲ ಕೆಲವು ಗಂಟೆಗಳಲ್ಲೇ ಗಿಣ್ಣುಹಾಲು ಕುಡಿಸಬೇಕು, ಅದರ ಪಾಲು ಕೊಟ್ಟ ಮೇಲೆಯೇ ನಮ್ಮ ಪಾಲು ಎಂದು ಅವರು ಕಣ್ಣಾರೆ ಕಲಿಯಲಿ. ಹಾಲಿಗೆ ನೀರು ಬೆರೆಸದ ಅಪ್ಪನನ್ನು ನೋಡಿದ ಮಗುವಿಗೆ ಪ್ರಾಮಾಣಿಕತೆಯ ಪಾಠ ಬೇರೆ ಬೇಡ. ಆದರೆ ಗೋಬರ್ ಗ್ಯಾಸಿನ ಗುಂಡಿಗೆ ಬೇಲಿ ಇರಲಿ. ಹಸುವಿನ ಹಿಂಬದಿಗೆ ಸಣ್ಣ ಮಕ್ಕಳನ್ನು ಬಿಡಬೇಡಿ. ಪರೀಕ್ಷೆಯ ದಿನಗಳಲ್ಲಿ ಹಟ್ಟಿಯ ಕೆಲಸ ದೊಡ್ಡವರದೇ.

ಈ ಮಾತುಕತೆಗೆ ದಿನ ಯಾವುದೆಂದು ಹುಡುಕಬೇಕಾಗಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಅದರ ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ. ಒಂದೇ ತೆನೆಯನ್ನು ಹಂಚಿ ಉಣ್ಣುವವರು ಹಾಲಿನ ಲೆಕ್ಕವನ್ನೂ ಒಟ್ಟಿಗೆ ಕೂತು ನೋಡಬಹುದು.

ಮನೆಯಲ್ಲಿ ಚರ್ಚಿಸಿ:
- ನಮ್ಮ ಮನೆಯಲ್ಲಿ ಅತಿ ಹೆಚ್ಚು ದುಡಿದು ಅತಿ ಕಡಿಮೆ ಮಾತಾಡುವವರು ಯಾರು?
- ಭಾನುವಾರ ಹಟ್ಟಿಯ ಕೆಲಸವನ್ನು ಹಂಚಿಕೊಂಡರೆ ಎಲ್ಲರೂ ಬಲಿಪೂಜೆಗೆ ಹೊತ್ತಿಗೆ ಸರಿಯಾಗಿ ಹೋಗಬಹುದೇ?
- ಕಿರಿಯರೇ, ಹಿರಿಯರಿಗೆ ನೀವು ಕೊನೆಯ ಬಾರಿ ಧನ್ಯವಾದ ಹೇಳಿದ್ದು ಯಾವಾಗ?